ಹಿರಿಯರ ಅಕ್ಷರಾಭ್ಯಾಸ

ಅಕ್ಷರಾಭ್ಯಾಸವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಎಳೆಯ ಮಗು ಮತ್ತು ಅಕ್ಕಿ ಹರಡಿದ ತಟ್ಟೆ. ತಲೆ ನರೆತವರೂ ಅಕ್ಷರ ತಿದ್ದಬಹುದೆಂಬುದು ಬೇಗನೆ ತೋಚುವುದಿಲ್ಲ. 2011ರ ಜನಗಣತಿಯಂತೆ ನಮ್ಮ ರಾಜ್ಯದಲ್ಲಿ 7 ವರ್ಷ ಮೇಲ್ಪಟ್ಟ ಸ್ತ್ರೀಯರ ಪೈಕಿ ಅಕ್ಷರ ಬಲ್ಲವರು ಶೇಕಡಾ 68ರಷ್ಟು. ಉಳಿದವರಲ್ಲಿ ನಮ್ಮ ನಿಮ್ಮ ಮನೆಗಳ ಹಿರಿಯ ತಾಯಂದಿರೂ ಇದ್ದರು. 1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಮುಖ್ಯವಾಗಿ 15ರಿಂದ 35 ವರ್ಷದವರನ್ನು ಗಮನದಲ್ಲಿರಿಸಿಕೊಂಡಿತ್ತು. 2022ರಲ್ಲಿ ಬಂದ ನವಭಾರತ ಸಾಕ್ಷರತಾ ಕಾರ್ಯಕ್ರಮವು 15 ದಾಟಿದ ಎಲ್ಲರನ್ನೂ ಒಳಗೊಂಡಿತು. ಆದರೆ ಹಿರಿಯರಿಗೆ ಕಲಿಸುವ ಬಗೆ ಯಾವುದು?

ಬಾಲ್ಯದಲ್ಲಿ ನಾವು ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದೆವು. ಪದ ಮೊದಲು ನಾಲಗೆಗೆ ಬಂದಿತು. ಅರ್ಥ ಎಷ್ಟೋ ವರ್ಷಗಳ ಮೇಲೆ ಬಂದಿತು. ಅರವತ್ತು ದಾಟಿದ ಮೇಲೆ ಗಣಕಯಂತ್ರದಲ್ಲಿ ಕನ್ನಡ ಬೆರಳಚ್ಚು ಕಲಿಯಲು ತರಗತಿಯೊಂದಕ್ಕೆ ಸೇರಿದಾಗ ಈ ಕ್ರಮವೇ ತಲೆಕೆಳಗಾಯಿತು. ಒತ್ತಕ್ಷರಕ್ಕೆ 'ಎಫ್' ಕೀಲಿಯೆಂದು ಹತ್ತು ಸಲ ಹೇಳಿದರೂ ನೆನಪು ನಿಲ್ಲಲಿಲ್ಲ. ಕನ್ನಡದಲ್ಲಿ ಒತ್ತಕ್ಷರಗಳು ಹೆಜ್ಜೆಹೆಜ್ಜೆಗೂ ಬರುವುದರಿಂದ ಆ ಕೀಲಿಯು ತೋರುಬೆರಳಿನ ಅಡಿಯಲ್ಲೇ ಇರುವುದು ಅನುಕೂಲವೆಂದು ಅರಿತ ಮೇಲೆ ಮರೆಯಲಿಲ್ಲ. ಕಲಿಸುತ್ತಿದ್ದ ತರುಣನು ಸಜ್ಜನ. ನಾವು ತಡವರಿಸಿದೊಡನೆ "ಬಿಡಿ ಗುರುಗಳೇ, ನಾನೇ ಮಾಡಿಬಿಡುತ್ತೇನೆ" ಎಂದು ಕೀಲಿಮಣೆಯನ್ನು ತನ್ನತ್ತ ಎಳೆದುಕೊಳ್ಳುತ್ತಿದ್ದನು. ಅಕ್ಷರವೇನೋ ಪರದೆಯ ಮೇಲೆ ಮೂಡುತ್ತಿತ್ತು. ನಮ್ಮ ಬೆರಳಿಗೆ ಮಾತ್ರ ಬರುತ್ತಿರಲಿಲ್ಲ.

ಮಗುವು ಅಕ್ಷರವನ್ನು ಮೊದಲು ಪಡೆದು ಅರ್ಥಕ್ಕಾಗಿ ಕಾಯಬಲ್ಲದು. ಹಿರಿಯರಿಗೆ ಅರ್ಥವೇ ಮೊದಲು ಬೇಕು. ಅವರು ಬರಿಗೈಯಲ್ಲಿ ಬರುವವರಲ್ಲ. ಬಡಗಿಯು ಅಳತೆಯನ್ನು ಬಲ್ಲನು. ಒಕ್ಕಲಿಗನು ಮಳೆನಕ್ಷತ್ರಗಳನ್ನು ಬಲ್ಲನು. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ತಾಯಿಗೆ ಬಾಯಿಲೆಕ್ಕ ಕರಗತ. ಇಂಥವರಿಗೆ ವರ್ಣಮಾಲೆಯನ್ನೇ ತಿಂಗಳುಗಟ್ಟಲೆ ತಿದ್ದಿಸಿದರೆ ಉತ್ಸಾಹ ಉಡುಗುವುದು. ನಲಿ-ಕಲಿ ತರಗತಿಗಳಲ್ಲಿ ಮಕ್ಕಳಿಗೆ ಕಲಿಸುವಂತೆ ರ, ಗ, ಸ, ದ, ಅ ಎಂಬ 5 ಅಕ್ಷರಗಳಿಂದ ಆರಂಭಿಸಿದರೆ ದರ, ಸರ, ಅರಸ, ಗರಗಸ ಮುಂತಾದ ಪದಗಳು ಬೇಗನೆ ಕೈಗೆ ಬರುತ್ತವೆ. 'ಗರಗಸ' ಎಂದು ಓದಿದ ಬಡಗಿಯು ತನ್ನ ಕಾಯಕವನ್ನೇ ಹಾಳೆಯ ಮೇಲೆ ಕಾಣುವನು. ಕಾಯಿಪಲ್ಲೆಯ ತಾಯಿಗೆ 'ದರ' ಎಂಬ ಎರಡಕ್ಷರವೇ ಒಂದು ಪಾಠ.

ಬಂಧುಗಳೇ, ಹಿರಿಯರನ್ನು ತಡೆಯುವುದು ವಯಸ್ಸಿಗಿಂತ ಹೆಚ್ಚಾಗಿ ಸಂಕೋಚ. ಅಜ್ಜಿಯ ವಕ್ರಾಕ್ಷರವನ್ನು ಕಂಡು ಮೊಮ್ಮಕ್ಕಳು ಒಮ್ಮೆ ನಕ್ಕರೆ ಸಾಕು, ಆಕೆ ಮತ್ತೆ ಪಾಟಿ ಹಿಡಿಯಳು. ಅತ್ತೆಯವರ ಬ್ಯಾಂಕಿನ ಪುಸ್ತಕವನ್ನು ಸೊಸೆಯು ಓದಿ ಹೇಳುವುದು ಸೇವೆಯೇ ಸರಿ. ಅವರೇ ಓದುವಂತೆ ಪಕ್ಕದಲ್ಲಿ ಕುಳಿತು ಕಾಯುವುದು ಇನ್ನೂ ದೊಡ್ಡ ಸೇವೆ. ಏನು ಬರೆದಿದೆಯೆಂದು ತಿಳಿಯದೆ ಜಮೀನಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಪರಾಧೀನತೆ ನಮ್ಮ ತಾಯಂದಿರಿಗೆ ಬರಬಾರದು. ಸಂಜೆಯ ದೀಪ ಹಚ್ಚಿದ ಮೇಲೆ ದಿನವೂ ಕಾಲು ಗಂಟೆ ಅವರೊಡನೆ ಕುಳಿತುಕೊಳ್ಳಿರಿ. ಮೊದಲು ಅವರ ಹೆಸರನ್ನೇ ಬರೆಯಿಸಿರಿ. ತಡವಾದರೂ ಚಿಂತೆಯಿಲ್ಲ, ಬಳಪವನ್ನು ಮಾತ್ರ ಅವರ ಕೈಯಿಂದ ತೆಗೆದುಕೊಳ್ಳಬೇಡಿರಿ.