ಹೊರಡಲಾರದ ಗೆಳೆಯರು

ಹಳೆಯ ಗೆಳೆಯನೊಬ್ಬನು ಬಹುಕಾಲದ ಮೇಲೆ ಮನೆಗೆ ಬಂದಾಗ ಮೊದಲು ಸಂತೋಷವಾಗುತ್ತದೆ. ಅದರ ಬೆನ್ನಿಗೇ ಹೋಲಿಕೆ ಮೊದಲಾಗುತ್ತದೆ. ಅವನು ಏನಾದ, ನಾನು ಏನಾದೆ? ಯಾರೂ ಬಾಯಿಬಿಟ್ಟು ಕೇಳದ ಈ ಪ್ರಶ್ನೆಯ ಮೇಲೆ ಚೆಕೊಸ್ಲೊವಾಕಿಯದ ಈವಾನ್ ಪಾಸ್ಸೆರ್ 1965ರಲ್ಲಿ ಒಂದು ಚಿತ್ರ ತೆಗೆದರು. ‘ಇಂಟಿಮೇಟ್ ಲೈಟಿಂಗ್’ ಎಂಬುದು ಅದರ ಇಂಗ್ಲಿಷ್ ಹೆಸರು.

ಕಥೆಯೆನ್ನುವಷ್ಟು ಕಥೆ ಇದರಲ್ಲಿಲ್ಲ. ಪ್ರಾಗ್ ನಗರದ ಸೆಲ್ಲೊ ವಾದಕ ಪೀಟರ್, ಚಿಕ್ಕ ಊರೊಂದರ ವಾದ್ಯಗೋಷ್ಠಿಯೊಡನೆ ನುಡಿಸಲೆಂದು ತನ್ನ ಪ್ರಿಯತಮೆಯನ್ನು ಕರೆದುಕೊಂಡು ಬರುತ್ತಾನೆ. ಅವನ ಗೆಳೆಯ ಬಾಂಬಾಸ್ ಅಲ್ಲಿಯ ಸಂಗೀತಶಾಲೆಯ ಮುಖ್ಯಸ್ಥ. ಹೆಂಡತಿ, ಮಕ್ಕಳು, ಹಿರಿಯರು, ಮನೆ, ಕಾರು, ಅಂಗಳದ ತುಂಬ ಕೋಳಿಗಳು—ಅವನಿಗೆ ಎಲ್ಲವೂ ಉಂಟು. ಊರಿನಲ್ಲಿ ಶವಯಾತ್ರೆ ಹೊರಟರೆ ಬ್ಯಾಂಡಿನಲ್ಲಿ ನುಡಿಸುವ ಕೆಲಸವೂ ಉಂಟು!

ಊಟಕ್ಕೆ ಕುಳಿತರೆ ಕೋಳಿಯ ತುಂಡುಗಳು ಉಪಚಾರದ ಭರದಲ್ಲಿ ತಟ್ಟೆಯಿಂದ ತಟ್ಟೆಗೆ ತಿರುಗುತ್ತವೆ. ಬಳಿಕ ಗೆಳೆಯರಿಬ್ಬರು, ಮನೆಯ ಅಜ್ಜ, ಊರಿನ ಔಷಧದಂಗಡಿಯವರು ಕೂಡಿ ಮೋಟ್ಸಾರ್ಟನ ಕೃತಿಯೊಂದನ್ನು ನುಡಿಸಲು ತೊಡಗುತ್ತಾರೆ. ನುಡಿಸುವುದಕ್ಕಿಂತ ನಿಲ್ಲಿಸುವುದೇ ಹೆಚ್ಚು. ಒಬ್ಬರ ತಪ್ಪನ್ನು ಮತ್ತೊಬ್ಬರು ಎಣಿಸುತ್ತಾರೆ. ಆದರೂ ಆ ಮುಖಗಳಲ್ಲಿ ಸಂಗೀತದ ಮೇಲಣ ಪ್ರೀತಿ ಸುಳ್ಳಲ್ಲ. ಅಜ್ಜನ ಪಾತ್ರದ ಯಾನ್ ವೊಸ್ಟ್ರ್ಚಿಲ್ ನಿಜಜೀವನದಲ್ಲಿಯೂ ಬ್ಯಾಂಡಿನ ನಾಯಕರೇ ಆಗಿದ್ದರು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಗೆಳೆಯರಿಬ್ಬರೂ ಕುಡಿಯುತ್ತ ಕುಳಿತು, ಎಲ್ಲವನ್ನೂ ಬಿಟ್ಟು ಹೊರಟೇಬಿಡುವುದೆಂದು ನಿಶ್ಚಯಿಸುತ್ತಾರೆ. ಕತ್ತಲೆಯಲ್ಲಿ ಹೊರಡುತ್ತಾರೆ ಕೂಡ. ಆದರೆ ಬೆಳಗಾಗುವಾಗ ಅದೇ ಮನೆ, ಅದೇ ಮೇಜು. ಅಜ್ಜಿ ಮೊಟ್ಟೆ ಬೆರೆಸಿ ಮಾಡಿದ ಮದ್ಯವನ್ನು ಎಲ್ಲರೂ ಬಾಯಿಗೆತ್ತುತ್ತಾರೆ. ಅದೋ ಗಟ್ಟಿಯಾಗಿ ಹೆಪ್ಪುಗಟ್ಟಿದೆ! ಇಳಿದೀತೆಂದು ತಲೆ ಹಿಂದಕ್ಕೆ ಬಾಗಿಸಿ ಎಲ್ಲರೂ ಕಾಯುತ್ತಾರೆ. ಚಿತ್ರ ಅಲ್ಲಿಗೇ ಮುಗಿಯುತ್ತದೆ. ಕಚೇರಿಯನ್ನು ನಾವು ನೋಡುವುದೇ ಇಲ್ಲ.

ನಗರಕ್ಕೆ ಹೋದವನು ಗೆದ್ದನೆ, ಊರಿನಲ್ಲಿ ನಿಂತವನು ಗೆದ್ದನೆ? ಪಾಸ್ಸೆರ್ ತೀರ್ಪು ಹೇಳುವುದಿಲ್ಲ. ಒಬ್ಬನಿಗೆ ಮನೆಯಿಲ್ಲದ ಕೊರತೆ, ಇನ್ನೊಬ್ಬನಿಗೆ ಮನೆಯೇ ಭಾರ. ಇಬ್ಬರನ್ನೂ ಅವರು ಪ್ರೀತಿಯಿಂದಲೇ ನೋಡುತ್ತಾರೆ.

ಆದರೆ ಪಾತ್ರಗಳಿಗೆ ಸಾಧ್ಯವಾಗದ ಪ್ರಯಾಣವು ಅವರನ್ನು ಸೃಷ್ಟಿಸಿದವರ ಪಾಲಿಗೆ ಬಂದಿತು. 1968ರ ಆಗಸ್ಟಿನಲ್ಲಿ ಸೋವಿಯತ್ ನೇತೃತ್ವದ ಸೇನೆ ದೇಶವನ್ನು ಹೊಕ್ಕಿತು. ಮರುವರ್ಷ ಪಾಸ್ಸೆರ್ ತಾಯ್ನಾಡನ್ನು ತೊರೆದರು. ಅಮೆರಿಕದಲ್ಲಿ ನೆಲೆಸಿ ಚಿತ್ರಗಳನ್ನು ತೆಗೆದು, 2020ರ ಜನವರಿಯಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಇದನ್ನು ತಿಳಿದು ನೋಡಿದರೆ, ಆ ಇಬ್ಬರು ಮರಳಿ ಮನೆಗೆ ಬರುವ ದೃಶ್ಯದಲ್ಲಿ ಸೋಲು ಮಾತ್ರವೇ ಕಾಣುವುದಿಲ್ಲ. ಮರಳಲು ಅವರಿಗೆ ಒಂದು ಮನೆಯಾದರೂ ಇತ್ತು.