ಯಾವ ಬಣ್ಣದ ರೈಲು?



ಊರು ಬಿಟ್ಟು ಈ ನಗರಕ್ಕೆ ಬರುವಾಗ ಹತ್ತಿದ ರೈಲಿನ ಬಣ್ಣ ಯಾವುದಾಗಿತ್ತು ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಒಬ್ಬರು ಇಟ್ಟಿಗೆಯ ಕೆಂಪು ಎನ್ನುತ್ತಾರೆ, ಇನ್ನೊಬ್ಬರು ಕಂದು ಎನ್ನುತ್ತಾರೆ. ಮೂರನೆಯವರಿಗೆ ಕಟ್ಟಿಕೊಂಡು ಬಂದ ಬುತ್ತಿಯ ನೆನಪಿದೆ, ಬೋಗಿಯ ಬಣ್ಣದ್ದಿಲ್ಲ. 1990ರ ದಶಕದಲ್ಲಿ ಆ ಬೋಗಿಗಳು ಒಂದೊಂದಾಗಿ ನೀಲಿಯಾದವು. ‘ಅದರಲ್ಲೇನಿದೆ ಮಹಾ’ ಎನ್ನುತ್ತೀರಾ? ಇಂಥದೇ ಪ್ರಶ್ನೆ ಹಿಡಿದು ವರ್ಷಗಟ್ಟಲೆ ವಾದಿಸುವ, ಅದಕ್ಕಾಗಿ ರಜೆಯನ್ನೂ ಹಣವನ್ನೂ ಸುರಿಯುವ ಜನ ಐರ್ಲೆಂಡಿನಲ್ಲಿದ್ದಾರೆ. ಈ ತಿಂಗಳು ಅವರ ಸಮಾಚಾರ.

ರೈಲ್ವೆ ಕಂಪೆನಿ ತನ್ನ ಎಂಜಿನ್ನು, ಬೋಗಿಗಳಿಗೆ ಗೊತ್ತುಮಾಡಿದ ಬಣ್ಣ, ಅಂಚಿನ ಗೆರೆ, ಅಕ್ಷರ, ಲಾಂಛನ ಇವೆಲ್ಲ ಸೇರಿ ‘ಲಿವರಿ’ ಎನಿಸಿಕೊಳ್ಳುತ್ತದೆ. ಹಿಂದೆ ದೊಡ್ಡಮನೆಗಳ ಆಳುಗಳಿಗೆ ಕೊಡುತ್ತಿದ್ದ ಉಡುಪಿಗೆ ಈ ಹೆಸರಿತ್ತು; ಯಾರ ಆಳು ಎಂದು ದೂರದಿಂದಲೇ ತಿಳಿಯಬೇಕಲ್ಲ! ಐರ್ಲೆಂಡಿನ ರೈಲುಗಳಿಗೆ ಒಡೆಯರು ಪದೇ ಪದೇ ಬದಲಾದರು. ಉಡುಪೂ ಬದಲಾಯಿತು.

ಅಲ್ಲಿ ಮೊದಲ ರೈಲು ಓಡಿದ್ದು 1834ರಲ್ಲಿ, ಡಬ್ಲಿನ್ನಿನಿಂದ ಕಿಂಗ್ಸ್‌ಟೌನಿಗೆ. ಮೊದಮೊದಲು ಒಂದೊಂದು ಕಂಪೆನಿ ಒಂದೊಂದು ಅಳತೆಯ ಹಳಿ ಹಾಸಿತು. 1846ರ ಕಾನೂನು ಅಗಲವನ್ನು 5 ಅಡಿ 3 ಅಂಗುಲ ಎಂದು ಗೊತ್ತುಮಾಡಿತು. ಇದು ನಮ್ಮ ಬ್ರಾಡ್ ಗೇಜಿಗಿಂತ 3 ಅಂಗುಲ ಕಡಿಮೆ, ನೆರೆಯ ಇಂಗ್ಲೆಂಡಿನದಕ್ಕಿಂತ ಆರೂವರೆ ಅಂಗುಲ ಹೆಚ್ಚು. ಇದರ ಪೆಟ್ಟು ಬಿದ್ದದ್ದು ಮುಂದಿನ ಕಾಲದ ಹವ್ಯಾಸಿಗಳಿಗೆ. ಬ್ರಿಟನ್ನಿನಲ್ಲಿ ಉಗಿ ಎಂಜಿನ್ನುಗಳ ಕಾಲ ಮುಗಿದಾಗ ವೇಲ್ಸಿನ ಬ್ಯಾರಿ ಎಂಬ ಊರಿನ ಒಂದೇ ಗುಜರಿಯಿಂದ 213 ಎಂಜಿನ್ನುಗಳನ್ನು ಆಸಕ್ತರು ಉಳಿಸಿಕೊಂಡರು. ಐರ್ಲೆಂಡಿಗೆ ಅಂಥ ಗುಜರಿ ಸಿಗಲಿಲ್ಲ. ಸಮುದ್ರದಾಚೆಯಿಂದ ತರೋಣವೆಂದರೆ ಗಾಲಿ ಹೊಂದದು. ಒಡೆದದ್ದು ಒಡೆದೇ ಹೋಯಿತು.

ಉಳಿದವುಗಳಲ್ಲಿ ಎಲ್ಲರ ಕಣ್ಣು ಸೆಳೆಯುವುದು ಗ್ರೇಟ್ ನಾರ್ದರ್ನ್ ರೈಲ್ವೆಯ ನೀಲಿ. ಡಬ್ಲಿನ್-ಬೆಲ್‌ಫಾಸ್ಟ್ ಮಾರ್ಗ ಈ ಕಂಪೆನಿಯದು. 1920ರ ದಶಕದ ಆರಂಭದಲ್ಲಿ ದೇಶ ಇಬ್ಭಾಗವಾಗಿ ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನಲ್ಲೇ ಉಳಿದವು. ಕಂಪೆನಿಯ ಹಳಿಗಳು ಎರಡು ಸರ್ಕಾರಗಳ ನಡುವೆ ಸಿಕ್ಕಿಕೊಂಡವು. ಗಡಿಯಲ್ಲಿ ಸುಂಕದವರ ತಪಾಸಣೆ ಬೇರೆ. ಇಂಥ ದಿನಗಳಲ್ಲೇ, 1932ರಲ್ಲಿ, ಅದು ಮ್ಯಾಂಚೆಸ್ಟರಿನಿಂದ ಐದು ಹೊಸ ಎಂಜಿನ್ನು ತರಿಸಿತು. ಹದ್ದು, ಗಿಡುಗ ಮುಂತಾದ ಬೇಟೆಹಕ್ಕಿಗಳ ಹೆಸರಿಟ್ಟಿತು. ಅದುವರೆಗಿನ ಕಪ್ಪು ಬಿಟ್ಟು ಮೈಗೆ ಆಕಾಶನೀಲಿ, ಕೆಳಗಿನ ಚೌಕಟ್ಟಿಗೆ ಕೆಂಪು ಬಳಿಸಿತು. ಗಡಿಯ ಆಚೆಗೂ ಈಚೆಗೂ ಓಡಿದ್ದು ಒಂದೇ ನೀಲಿ. 1958ರಲ್ಲಿ, ಅಣ್ಣತಮ್ಮಂದಿರು ಪಾತ್ರೆ ಪಡಗ ಹಂಚಿಕೊಳ್ಳುವ ಹಾಗೆ, ಎರಡೂ ಕಡೆಯವರು ಎಂಜಿನ್ನು, ಬೋಗಿಗಳನ್ನು ಪಾಲು ಮಾಡಿಕೊಂಡರು. ದಕ್ಷಿಣದ ಪಾಲಿಗೆ ಬಂದ ಎಂಜಿನ್ನುಗಳ ನಂಬರಿನ ಕೊನೆಗೆ ‘ಎನ್’ ಎಂಬ ಅಕ್ಷರ ಸೇರಿತು. ಆ ಐದರಲ್ಲಿ ಇಂದು ಉಳಿದಿರುವುದು ಒಂದೇ, 85ನೇ ನಂಬರಿನ ‘ಮರ್ಲಿನ್’.

ದಕ್ಷಿಣದವರ ಹೆಮ್ಮೆಯ ಕಥೆ ಬೇರೆ. ಅವರ ಎಂಜಿನ್ನುಗಳೆಂದರೆ ಸಾಮಾನ್ಯವಾಗಿ ಬರೀ ಬೂದು ಬಣ್ಣ. ಆದರೆ 1939-40ರಲ್ಲಿ ಡಬ್ಲಿನ್ನಿನ ಇಂಚಿಕೋರ್ ಕಾರ್ಖಾನೆಯಲ್ಲಿ ಇಡೀ ದ್ವೀಪಕ್ಕೇ ದೊಡ್ಡವಾದ ಮೂರು ಎಂಜಿನ್ನುಗಳನ್ನು ಕಟ್ಟಿದಾಗ ಅವಕ್ಕೆ ಹಸಿರು ಬಳಿದರು, ಪುರಾಣದ ಸ್ತ್ರೀಯರ ಹೆಸರಿಟ್ಟರು. ಆ ಹೆಸರನ್ನು ಕೆತ್ತಿದ್ದು ಹಳೆಯ ಗೇಲಿಕ್ ಲಿಪಿಯಲ್ಲಿ! ಇಂಗ್ಲಿಷಿನ ನೆರಳಿನಲ್ಲಿ ಸೊರಗಿದ್ದ ತಮ್ಮ ನುಡಿಯನ್ನು ಅವರು ಮೆರೆಸಿದ್ದು ಅತಿ ದೊಡ್ಡ ಎಂಜಿನ್ನಿನ ಮೈಮೇಲೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಆಡಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯದರ ಹೆಸರು ‘ಮೇವ್’. (ನಮ್ಮ ದನದ ಮೇವಲ್ಲ, ಆದರೆ ದನದ ಸಂಬಂಧ ಉಂಟು!) ಮೇವ್ ಕನಾಕ್ಟ್ ನಾಡಿನ ರಾಣಿ. ಒಂದು ಕಂದು ಹೋರಿಗಾಗಿ ಉತ್ತರದ ಅಲ್ಸ್ಟರ್ ನಾಡಿನ ಮೇಲೆ ದಂಡೆತ್ತಿ ಹೋದವಳು. ನಮ್ಮ ವಿರಾಟಪರ್ವದ ಗೋಗ್ರಹಣವಿದ್ದಂತೆ ಅವರಿಗೆ ಅದು. ಈಗ ಆ ಎಂಜಿನ್ನು ನಿಂತಿರುವುದೆಲ್ಲಿ ಎನ್ನುತ್ತೀರಿ? ಅದೇ ಅಲ್ಸ್ಟರಿನಲ್ಲಿ, ಬೆಲ್‌ಫಾಸ್ಟ್ ಬಳಿಯ ಕಲ್ಟ್ರಾ ವಸ್ತುಸಂಗ್ರಹಾಲಯದಲ್ಲಿ.

ಡೀಸೆಲ್ ಬಂದ ಮೇಲೆ ತಮಾಷೆ ಶುರು. 1955-56ರಲ್ಲಿ ದಕ್ಷಿಣದ ರೈಲ್ವೆ 60 ಹೊಸ ಡೀಸೆಲ್ ಎಂಜಿನ್ನು ತರಿಸಿ ಮೈತುಂಬ ಬೆಳ್ಳಿ ಬಣ್ಣ ಬಳಿಸಿತು. ಎಣ್ಣೆ, ಮಸಿ, ಜಿಟಿಜಿಟಿ ಮಳೆಯ ನಾಡಿನಲ್ಲಿ ಬೆಳ್ಳಿ ಎಷ್ಟು ದಿನ ಹೊಳೆದೀತು? ಬೇಗನೆ ಹಸಿರಾಯಿತು. 1961ರಲ್ಲಿ ಅಮೆರಿಕದಿಂದ ಬಂದ 15 ಎಂಜಿನ್ನುಗಳದು ಬೂದು-ಹಳದಿ. ಅವಕ್ಕೆ ಚಾಲಕನ ಕೋಣೆ ಒಂದೇ ತುದಿಗೆ. ಉಗಿಯ ಕಾಲದ ತಿರುಗು ಅಟ್ಟಣೆಗಳ ಮೇಲೆ ಅವನ್ನು ತಿರುಗಿಸಿ ನಿಲ್ಲಿಸಬೇಕಾಗುತ್ತಿತ್ತು. ಮರುವರ್ಷ ಬಂದವಕ್ಕೆ ಎರಡೂ ತುದಿಗೆ ಕೋಣೆ ಮಾಡಿಸಿದರು.

ಅದೇ 1960ರ ದಶಕದಲ್ಲಿ ಕಪ್ಪು, ಹೊಂಗಂದು, ನಡುವೆ ಬಿಳಿ ಪಟ್ಟಿಯ ಉಡುಪು ಬಂತು. ಹವ್ಯಾಸಿಗಳು ಅದನ್ನು ‘ಬ್ಲ್ಯಾಕ್ ಅಂಡ್ ಟ್ಯಾನ್’ ಎನ್ನುತ್ತಾರೆ. 1920ರಲ್ಲಿ ಐರಿಷ್ ಹೋರಾಟಗಾರರನ್ನು ಅಡಗಿಸಲು ಬ್ರಿಟಿಷರು ಕಳಿಸಿದ, ಊರುಗಳಿಗೆ ಬೆಂಕಿಯಿಟ್ಟ ಪೊಲೀಸ್ ಪಡೆಗೂ ಜನ ಇಟ್ಟ ಹೆಸರು ಅದೇ. ಐರಿಷರ ನಗೆ ಒಂದು ಬಗೆಯದು ಎಂದಷ್ಟೇ ಹೇಳಬಹುದು. 1972ರಲ್ಲಿ ಹವಾನಿಯಂತ್ರಿತ ಬೋಗಿಗಳೊಂದಿಗೆ ಕಿತ್ತಳೆ-ಕಪ್ಪು ಬಂತು. 1987ರಲ್ಲಿ ಹೊಸ ಸಂಸ್ಥೆ ‘ಇಯರನ್‌ರೋಡ್ ಏರನ್’ ಅದೇ ಕಿತ್ತಳೆಗೆ ಎರಡು ತೆಳು ಬಿಳಿ ಗೆರೆ ಎಳೆಯಿತು. ಅದಕ್ಕೆ ಬಿದ್ದ ಅಡ್ಡಹೆಸರು ‘ಟಿಪ್ಪೆಕ್ಸ್’, ಅಂದರೆ ಪರೀಕ್ಷೆಯಲ್ಲಿ ತಪ್ಪು ಅಳಿಸಲು ನೀವು ಬಳಿಯುವ ವೈಟ್‌ನರ್! 1994-95ರಲ್ಲಿ ಬಂದ 34 ಎಂಜಿನ್ನುಗಳ ಒಳಗಿರುವ ಯಂತ್ರವಂತೂ ನಮ್ಮ ಹುಬ್ಬಳ್ಳಿ ಶೆಡ್ಡಿಗೆ ಬಂದ ಅಮೆರಿಕನ್ ಮಾದರಿಯ ಎಂಜಿನ್ನುಗಳ ಯಂತ್ರದ ದಾಯಾದಿ. ಅಲ್ಲಿ 12 ಸಿಲಿಂಡರು, ಇಲ್ಲಿ 16.

ಈಗ ನಿಜವಾದ ಜಗಳಕ್ಕೆ ಬರೋಣ. ಉಳಿಸಿದ ಎಂಜಿನ್ನಿಗೆ ಯಾವ ಬಣ್ಣ ಬಳಿಯಬೇಕು? 1961ರ ಆ ಹದಿನೈದರಲ್ಲಿ ಒಂದು, 134ನೇ ನಂಬರಿನದು, 2008ರವರೆಗೂ ದುಡಿಯಿತು. ಬೂದು, ಕಪ್ಪು-ಕಂದು, ಕಿತ್ತಳೆ ಎಲ್ಲವನ್ನೂ ಉಟ್ಟು ಬಿಟ್ಟಿತ್ತು. ಒಬ್ಬರಿಗೆ ತಾವು ಹುಡುಗರಾಗಿದ್ದಾಗ ಕಂಡ ಕಿತ್ತಳೆಯೇ ಸರಿ. ಇನ್ನೊಬ್ಬರಿಗೆ ಹುಟ್ಟುಬಣ್ಣವೇ ಸರಿ. ಕಡೆಗೆ ಹುಟ್ಟುಬಣ್ಣ ಗೆದ್ದಿತು. ನನ್ನನ್ನು ಕೇಳಿದರೆ, ಹೆಚ್ಚು ಕಾಲ ಉಟ್ಟ ಬಣ್ಣಕ್ಕೆ ಹೆಚ್ಚು ಹಕ್ಕು. ಆದರೆ ನನ್ನನ್ನು ಕೇಳಿದವರಾರು!

ಬಣ್ಣ ಆರಿಸಿದರೂ ಅದರ ಸರಿಯಾದ ಛಾಯೆ ಯಾವುದು? ಹಳೆಯ ಫೋಟೋಗಳು ಕಪ್ಪು-ಬಿಳುಪು. ಅಂದಿನ ಕೆಲವು ಫಿಲ್ಮುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಬೋಗಿ ಕಪ್ಪಾಗಿ ಮೂಡುತ್ತಿತ್ತು, ನೀಲಿ ಮಾಸಲು ಬಿಳಿಯಾಗಿ. ಮೇಲೆ ಬಳಿದ ವಾರ್ನಿಷ್ ಹಳದಿಯಾದರೆ ನೀಲಿ ಹಸಿರಿನ ಕಡೆ ವಾಲುತ್ತದೆ. ಆದ್ದರಿಂದ ನಂಬರು ಫಲಕದ ಹಿಂದೆ, ಬಾಗಿಲ ಕೀಲಿನ ಸಂದಿಯಲ್ಲಿ, ಬಿಸಿಲು ತಾಗದೆ ಉಳಿದ ಚೂರು ಬಣ್ಣವನ್ನು ಹುಡುಕುತ್ತಾರೆ. ಮರಳು ಕಾಗದದಿಂದ ಪದರ ಪದರವಾಗಿ ಉಜ್ಜಿ ಕೆಳಗಿನದನ್ನು ಕಾಣುತ್ತಾರೆ. ಹಳೆಯ ಮರದ ಬೋಗಿಗಳನ್ನು ರೈಲ್ವೆಯವರು ಮಾರಿಬಿಟ್ಟಿದ್ದರು. ಅವು ಕೋಳಿಗೂಡಾಗಿ, ಬೇಸಿಗೆಯ ಮನೆಯಾಗಿ ಹೊಲಗಳಲ್ಲಿ ಕೂತಿದ್ದವು. ಕೆಲವನ್ನು ಹಾಗೆ ಹೊಲದಿಂದ ಎತ್ತಿ ತಂದು ಮತ್ತೆ ಗಾಲಿಯ ಮೇಲೆ ನಿಲ್ಲಿಸಿದ್ದಾರೆ. ಇದಕ್ಕೆಲ್ಲ ಕೊನೆಯ ಸಾಕ್ಷಿ ಮಾತ್ರ ಆ ಬಣ್ಣವನ್ನು ಕಲಸಿದ, ಬಳಿದ, ಕಂಡ ಜನ. ದಕ್ಷಿಣದಲ್ಲಿ ಉಗಿ ಮುಗಿದದ್ದು 1963ರಲ್ಲಿ, ಉತ್ತರದಲ್ಲಿ 1970ರಲ್ಲಿ. ಅಂದು ಇಪ್ಪತ್ತರ ಹರೆಯದವರು ಈಗ ಎಪ್ಪತ್ತು ದಾಟಿದ್ದಾರೆ.

ಆದ್ದರಿಂದಲೇ 2023ರ ನವೆಂಬರಿನ ಸುದ್ದಿ ಅವರಿಗೆ ಅಷ್ಟು ನೋವು ತಂದದ್ದು. ಉತ್ತರದ ಡೌನ್‌ಪ್ಯಾಟ್ರಿಕ್ ಊರಿನಲ್ಲಿ ಸ್ವಯಂಸೇವಕರು ಕಟ್ಟಿದ ಚಿಕ್ಕ ರೈಲ್ವೆಯೊಂದಿದೆ. ಆ ತಿಂಗಳ ನೆರೆಯಲ್ಲಿ ಅದರ ನಿಲ್ದಾಣಕ್ಕೂ ಕಾರ್ಯಾಗಾರಕ್ಕೂ ನೀರು ನುಗ್ಗಿತು. ವರ್ಷಗಟ್ಟಲೆ ಶನಿವಾರಗಳನ್ನು ಕೊಟ್ಟು ಸರಿಪಡಿಸಿದ್ದು ಕೆಸರುನೀರಿನಲ್ಲಿ ನಿಂತಿತು. ನೀರು ಇಳಿದ ಮೇಲೆ ಅವರು ಮತ್ತೆ ಕೆಲಸಕ್ಕೆ ಕೈಹಾಕಿದರು.

ನಿಮ್ಮಲ್ಲಿ ಯಾರಾದರೂ ಓದಿಗೋ ಕೆಲಸಕ್ಕೋ ಡಬ್ಲಿನ್ನಿಗೆ ಹೋದರೆ ಒಂದು ಶನಿವಾರ ಬೆಲ್‌ಫಾಸ್ಟ್ ರೈಲು ಹತ್ತಿ. ಕಲ್ಟ್ರಾದಲ್ಲಿ ಮೇವ್ ರಾಣಿಯ ಮುಂದೆ ನಿಂತು ಆ ಲಿಪಿಯನ್ನು ಓದಲು ನೋಡಿ. ಹಾಗೇ ವೈಟ್‌ಹೆಡ್ ಎಂಬ ಕಡಲೂರಿಗೂ ಹೋಗಿ. 1964ರಲ್ಲಿ ಹುಟ್ಟಿದ ರೈಲ್ವೆ ಪ್ರಿಸರ್ವೇಶನ್ ಸೊಸೈಟಿಯ ನೆಲೆ ಅಲ್ಲಿದೆ. ಗಡಿಯಲ್ಲಿ ಈಗ ರೈಲನ್ನು ಸುಂಕದವರು ತಡೆಯುವುದಿಲ್ಲ. ಆದರೂ ಬೆಲ್‌ಫಾಸ್ಟ್ ಬ್ರಿಟನ್ನಿಗೆ ಸೇರಿದ್ದು. ಟಿಕೆಟು ಕೊಳ್ಳುವ ಮೊದಲು ನಿಮ್ಮ ವೀಸಾ ಅಲ್ಲಿಗೂ ನಡೆಯುತ್ತದೆಯೇ ಎಂದು ವಿಚಾರಿಸಿಕೊಳ್ಳಿ.