ಬಾಗ್ದಾದ್ ಗೆದ್ದ ಮೇಲೆ

2003ರ ಏಪ್ರಿಲ್ 9ರಂದು ಬಾಗ್ದಾದಿನ ಫಿರ್ದೌಸ್ ಚೌಕದಲ್ಲಿ ಸದ್ದಾಂ ಹುಸೇನರ ಪ್ರತಿಮೆ ಉರುಳಿದಾಗ ಯುದ್ಧಕ್ಕೆ ಮೂರು ವಾರವೂ ತುಂಬಿರಲಿಲ್ಲ. ಗೆದ್ದ ಮೇಲೆ ಏನು ಮಾಡಬೇಕೆಂಬ ಯೋಜನೆಯೇ ಅಮೆರಿಕದ ಬಳಿ ಇರಲಿಲ್ಲ ಎಂದು ಇಂದಿಗೂ ಹೇಳುವವರಿದ್ದಾರೆ. ಇದು ಅರ್ಧ ಸತ್ಯ. ಯೋಜನೆ ಇತ್ತು, ಕೇಳುವ ಕಿವಿ ಇರಲಿಲ್ಲ.

ದೇಶ ಬಿಟ್ಟು ಬಂದಿದ್ದ ಇರಾಕಿಗಳನ್ನು ಕೂರಿಸಿಕೊಂಡು ಅಮೆರಿಕದ ವಿದೇಶಾಂಗ ಇಲಾಖೆ 2002ರಲ್ಲೇ ಸಂಪುಟಗಟ್ಟಲೆ ವರದಿ ಸಿದ್ಧಪಡಿಸಿತ್ತು. ಗೆದ್ದ ಮೇಲಿನ ಆಡಳಿತದ ಹೊಣೆ ರಕ್ಷಣಾ ಇಲಾಖೆ ಪೆಂಟಗನ್ ಪಾಲಾಯಿತು, ವರದಿ ಮೂಲೆ ಸೇರಿತು. ದೇಶ ಹತೋಟಿಯಲ್ಲಿಡಲು ಹಲವು ಲಕ್ಷ ಸೈನಿಕರು ಬೇಕಾದೀತೆಂದು ಭೂಸೇನೆಯ ಮುಖ್ಯಸ್ಥ ಎರಿಕ್ ಶಿನ್ಸೆಕಿ 2003ರ ಫೆಬ್ರವರಿಯಲ್ಲಿ ಸೆನೆಟ್ ಸಮಿತಿಗೆ ಹೇಳಿದರು. ಎರಡೇ ದಿನಕ್ಕೆ ರಕ್ಷಣಾ ಉಪಸಚಿವ ಪಾಲ್ ವುಲ್ಫೊವಿಟ್ಜ್ ಅದನ್ನು ತಳ್ಳಿಹಾಕಿದರು. ನಿಜವಾದ ಖರ್ಚು ಬಯಲಾಗಿದ್ದರೆ ಯುದ್ಧಕ್ಕೆ ಜನರನ್ನು ಒಪ್ಪಿಸುವುದೇ ಕಷ್ಟವಾಗುತ್ತಿತ್ತು. ಇದು ಅಜ್ಞಾನವಲ್ಲ, ಜಾಣಕುರುಡು.

ಅದರ ಮೊದಲ ಬೆಲೆ ತೆತ್ತದ್ದು ರಾಷ್ಟ್ರೀಯ ಮ್ಯೂಸಿಯಂ. ಯುದ್ಧಾನಂತರದ ಆಡಳಿತಕ್ಕೆಂದು ನೇಮಕವಾಗಿದ್ದ ಜೇ ಗಾರ್ನರ್ ಅವರ ಕಚೇರಿ ಕಾಯಬೇಕಾದ ಕಟ್ಟಡಗಳ ಪಟ್ಟಿಯನ್ನು ಸೇನೆಗೆ ಕೊಟ್ಟಿತ್ತು. ಅದರಲ್ಲಿ ಮ್ಯೂಸಿಯಂ ಎರಡನೆಯದು, ತೈಲ ಸಚಿವಾಲಯ ಕಟ್ಟಕಡೆಯದು. ಟ್ಯಾಂಕುಗಳು ಕಾವಲು ನಿಂತದ್ದು ತೈಲ ಸಚಿವಾಲಯಕ್ಕೆ! ಮ್ಯೂಸಿಯಂನಿಂದ ಸುಮಾರು 15 ಸಾವಿರ ವಸ್ತುಗಳು ಕಳುವಾದವು. ಐದು ಸಾವಿರ ವರ್ಷ ಹಳೆಯ ವಾರ್ಕಾ ಹೂಜಿಯನ್ನು ಪೀಠದಿಂದ ಕಿತ್ತೊಯ್ದಿದ್ದರು. ಜೂನ್‌ನಲ್ಲಿ ಅದು ಕಾರಿನ ಡಿಕ್ಕಿಯಲ್ಲಿ ತುಂಡು ತುಂಡಾಗಿ ವಾಪಸು ಬಂತು. ರಾಷ್ಟ್ರೀಯ ಗ್ರಂಥಾಲಯಕ್ಕೆ ಆ ಭಾಗ್ಯವೂ ಇರಲಿಲ್ಲ, ಸುಟ್ಟುಹೋಯಿತು.

ಆದರೆ ಲೂಟಿಗಿಂತ ದೊಡ್ಡ ಅನಾಹುತವಾದದ್ದು ಕಾಗದದ ಮೇಲೆ. ಗಾರ್ನರ್ ಜಾಗಕ್ಕೆ ಮೇ 12ರಂದು ಬಂದಿಳಿದ ಪಾಲ್ ಬ್ರೆಮರ್, 16ರಂದು ಸದ್ದಾಂರ ಬಾತ್ ಪಕ್ಷದ ಮೇಲಿನ ಹಂತದವರನ್ನೆಲ್ಲ ಸರ್ಕಾರಿ ನೌಕರಿಯಿಂದ ಕಿತ್ತರು. ಬಡ್ತಿಗಾಗಿ ಪಕ್ಷ ಸೇರಿದ್ದ ಮೇಷ್ಟ್ರುಗಳೂ ಎಂಜಿನಿಯರುಗಳೂ ಬೀದಿಗೆ ಬಿದ್ದರು. 23ರಂದು ಸೇನೆಯೇ ವಿಸರ್ಜನೆಯಾಯಿತು. ಸೇನೆಯನ್ನು ಉಳಿಸಿಕೊಂಡು ಪುನರ್ನಿರ್ಮಾಣಕ್ಕೆ ಬಳಸುವುದೆಂದು ಮಾರ್ಚ್‌ನಲ್ಲಿ ಅಧ್ಯಕ್ಷ ಬುಷ್ ಎದುರೇ ಮಾತಾಗಿತ್ತು. ಸುಮಾರು ನಾಲ್ಕು ಲಕ್ಷ ಮಂದಿ, ಎಲ್ಲರಿಗೂ ಬಂದೂಕು ಹಿಡಿಯಲು ಗೊತ್ತು, ಮದ್ದುಗುಂಡಿನ ಉಗ್ರಾಣಗಳಿಗೋ ಕಾವಲಿಲ್ಲ. ಸಂಬಳ ಕೇಳಿ ಜೂನ್ 18ರಂದು ಬಾಗ್ದಾದಿನಲ್ಲಿ ಸೇರಿದ್ದ ಮಾಜಿ ಸೈನಿಕರ ಮೇಲೆ ಗುಂಡು ಹಾರಿ ಇಬ್ಬರು ಸತ್ತರು. ಮಾಸಾಶನದ ಘೋಷಣೆ ಬಂದದ್ದು ಆಮೇಲೆ. 2014ರಲ್ಲಿ ಮೊಸುಲ್ ನಗರವನ್ನು ನುಂಗಿದ ಐಎಸ್ ಸಂಘಟನೆಯ ಮುಂಚೂಣಿಯಲ್ಲಿ ಸದ್ದಾಂ ಕಾಲದ ಅಧಿಕಾರಿಗಳಿದ್ದರು. ಅಲ್ಲಿ ದುಡಿಯಲು ಹೋಗಿದ್ದ 39 ಭಾರತೀಯರು ಐಎಸ್ ಕೈಯಲ್ಲಿ ಹತರಾದರು.

ಭಾರತವೂ ಸೈನ್ಯ ಕಳಿಸಬೇಕೆಂದು ಅಮೆರಿಕ ಒತ್ತಾಯಿಸಿತ್ತು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಆಗದೆಂದು ವಾಜಪೇಯಿ ಸರ್ಕಾರ 2003ರ ಜುಲೈ 14ರಂದು ನಿರಾಕರಿಸಿತು. ಯಾರದೋ ಎಡವಟ್ಟಿಗೆ ನಮ್ಮ ಜವಾನರು ತಲೆ ಕೊಡುವುದು ತಪ್ಪಿತು.

ಎಚ್ಚರಿಕೆ ಕೊಟ್ಟಿದ್ದ ಶಿನ್ಸೆಕಿ ಅದೇ ವರ್ಷ ಜೂನ್‌ನಲ್ಲಿ ನಿವೃತ್ತರಾದರು. ಎರಡೂ ಆದೇಶಗಳಿಗೆ ಸಹಿ ಹಾಕಿದ ಬ್ರೆಮರ್ ಅವರಿಗೆ 2004ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಬುಷ್ ಸ್ವಾತಂತ್ರ್ಯ ಪದಕ ತೊಡಿಸಿದರು.